ಮದುಮಗಳ ಕಾರಿನ ಮುಂದಿನ ಸೀಟು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಬೀಗರ ಹಣೆಯ ಮೇಲೆ ಎದ್ದ ಒಂದು ಬುಗುಟು.

ಅದು ಎದ್ದದ್ದು ಹಿಂದಿನ ದಿನ ಸಂಜೆ. ಸೋದರಸೊಸೆಯ ಮದುವೆಗೆಂದು ಮಾಸ್ಟರು ಹೆಂಡತಿ ಸಮೇತ ಪರದೇಶದಲ್ಲಿ ವಿಮಾನ ಇಳಿದು, ತಂಗಿಯ ಗಂಡ ತಂದಿದ್ದ ಕಾರು ಹತ್ತಿದ್ದರು. ಗೌರವಕ್ಕೆಂದು ಗಂಡಿನ ತಂದೆಯೂ ಬಂದು ಹಿಂದೆ ಕೂತಿದ್ದರು. ಮಾಸ್ಟರು ಅಂದರೆ ಪಾಠ ಹೇಳುವ ಮಾಸ್ಟರಲ್ಲ, ಡ್ರೈವಿಂಗ್ ಸ್ಕೂಲ್ ಮಾಸ್ಟರು. ಮೂವತ್ತು ವರ್ಷ ಕಲಿಯುವವರ ಪಕ್ಕ ಕೂತು, ತಮ್ಮ ಕಾಲ ಬುಡದಲ್ಲೂ ಒಂದು ಬ್ರೇಕ್ ಇಟ್ಟುಕೊಂಡು, ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವರು. ಅಂಥವರು ಬಾಯಿ ಮುಚ್ಚಿಕೊಂಡು ಕೂರುತ್ತಾರೆಯೇ? ಮೊದಲ ಸಿಗ್ನಲ್ಲಿನಲ್ಲೇ "ಬ್ರೇಕ್! ಬ್ರೇಕ್!" ಎಂದು ಕಿರುಚಿದರು. ತಂಗಿಯ ಗಂಡ ಬೆಚ್ಚಿಬಿದ್ದು ಬ್ರೇಕ್ ಒತ್ತಿದ. ಆಗಷ್ಟೇ ಬೆಲ್ಟು ಬಿಚ್ಚಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದ ಬೀಗರ ಹಣೆಯಲ್ಲಿ ಮುಂದಿನ ಸೀಟಿಗೆ ಬಡಿದು ನಿಂಬೆಹಣ್ಣಿನಷ್ಟು ದಪ್ಪ ಬುಗುಟು ಎದ್ದಿತು. ಮೂರೇ ದಿನಕ್ಕೆ ಮದುವೆ, ಫೋಟೋ ಬೇರೆ.

ಬೆಳಿಗ್ಗೆ ಕಾಫಿ ಕೊಡುತ್ತಲೇ ತಂಗಿ ಶುರು ಮಾಡಿದಳು.

"ಅಣ್ಣ, ಮದುವೆ ಹಾಲಿಗೆ ಎರಡು ಗಂಟೆ ದಾರಿ. ನಿನ್ನ ಜೊತೆ ಕಾರಲ್ಲಿ ಕೂರೋಕೆ ಒಬ್ಬರೂ ರೆಡಿ ಇಲ್ಲ ಕಣೋ."

"ನಾನ್ಯಾಕೆ ಬೇರೆಯವರ ಕಾರಲ್ಲಿ ಕೂರ್ಲಿ? ಮದುಮಗಳ ಕಾರಲ್ಲಿ ಮುಂದಿನ ಸೀಟು ನಂದು. ಅವಳು ತೊಟ್ಟಿಲಲ್ಲಿದ್ದಾಗಲೇ ಹೇಳಿಟ್ಟಿದೀನಿ!"

"ಸೀಟು ನಿಂಗೇ ಕೊಡ್ತೀವಿ. ಆದ್ರೆ ಸುಮ್ಮನೆ ಕೂರೋದು ಕಲೀಬೇಕು. ಇವತ್ತು ಸಂಜೆಯೊಳಗೆ ಒಂದೇ ಒಂದು ಸಲ ಪಿಟ್ಟೆನ್ನದೆ ಕಾರಲ್ಲಿ ಹೋಗಿ ಬಂದು ತೋರಿಸು. ಇಲ್ಲಾಂದ್ರೆ ಮನೇಲೇ ಕೂತ್ಕೊಂಡು ಫೋನಲ್ಲಿ ಮದುವೆ ನೋಡು."

ಫೋನಲ್ಲಿ ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೇ? ಮಾಸ್ಟರು ಕಾಫಿ ಲೋಟ ಕೆಳಗಿಟ್ಟರು. ಆದರೂ ಆ ಸೀಟಿಗೆ ಮನೆಯಲ್ಲಿ ಬೇರೆ ಯಾರೂ ಆಸೆಪಡದಿದ್ದದ್ದು ತಮ್ಮ ಮೇಲಿನ ಗೌರವದಿಂದ ಅಂದುಕೊಂಡು ಸಮಾಧಾನಪಟ್ಟರು.

ಮೊದಲ ಸವಾರಿ ದರ್ಜಿಯ ಅಂಗಡಿಗೆ. ಮಾಸ್ಟರು ಅಭ್ಯಾಸಬಲದಿಂದ ಎಡಗಡೆ ಬಾಗಿಲು ತೆಗೆದು ಕೂತರೆ ಎದುರಿಗೆ ಸ್ಟಿಯರಿಂಗ್!

"ಇಲ್ಲಿ ಡ್ರೈವರ್ ಎಡಗಡೆ ಭಾವ, ನೀವು ಆ ಕಡೆ" ಎಂದು ತಂಗಿಯ ಗಂಡ ಎಬ್ಬಿಸಿದ. ಹಿಂದಿನ ಸೀಟಿನಲ್ಲಿ ಅವನ ಅಕ್ಕ. ಆಸ್ಪತ್ರೆಯಲ್ಲಿ ಕೆಲಸ, ಮನೆಯವರಿಗೆಲ್ಲ ನರ್ಸಕ್ಕ.

"ಉಸಿರು ಎಣಿಸ್ತಾ ಕೂತ್ಕೊಳ್ಳಿ ಮಾಸ್ಟ್ರೇ, ಬೇರೆ ಯೋಚನೆ ಹತ್ರ ಸುಳಿಯಲ್ಲ" ಎಂದರು ನರ್ಸಕ್ಕ.

ಮಾಸ್ಟರು ಎಣಿಸಿದರು. "ಒಂದು... ಎರಡು... ಇಂಡಿಕೇಟರ್ ಹಾಕಪ್ಪಾ... ಮೂರು... ಕನ್ನಡಿ ನೋಡು... ನಾಲ್ಕು... ಅಯ್ಯಯ್ಯೋ ಸೈಕಲ್ಲು!"

"ಫೇಲ್" ಎಂದರು ನರ್ಸಕ್ಕ.

ಎರಡನೇ ಸವಾರಿಗೆ ಮಾಸ್ಟರ ಹೆಂಡತಿ ಉಪಾಯ ಹೇಳಿದರು. "ಕಾಣಿಸಿದ್ರೆ ತಾನೆ ಇವರು ಕಿರುಚೋದು? ಕಣ್ಣು ಕಟ್ಟಿ." ಕಣ್ಣಿಗೆ ಪಟ್ಟಿ ಬಿತ್ತು, ಕೈ ಸುಮ್ಮನಿರಲೆಂದು ಅಪ್ಪಿ ಹಿಡಿಯಲು ತೊಡೆಯ ಮೇಲೆ ಒಂದು ದಿಂಬೂ ಬಂತು. ಎರಡು ಬೀದಿ ದಾಟುವವರೆಗೆ ಎಲ್ಲ ಸರಿಯಿತ್ತು. ಆದರೆ ಕಿವಿಗೆ ಯಾರೂ ಏನೂ ಕಟ್ಟಿರಲಿಲ್ಲವಲ್ಲ.

"ಗೇರ್ ಹಾಕೋ ಮಾರಾಯಾ! ಎಂಜಿನ್ ಒದ್ದಾಡ್ತಿದೆ!"

"ಇದರಲ್ಲಿ ನಾವು ಗೇರ್ ಹಾಕೋ ಹಾಗೇ ಇಲ್ಲ ಭಾವ. ತಾನಾಗೇ ಬದಲಾಗತ್ತೆ."

"ತಾನಾಗೇನಾ? ಹಾಗಾದ್ರೆ ಗಾಡಿ ಯಾರ ಕೈಲಿದೆ?" ಎಂದು ಗಾಬರಿಯಾಗಿ ತಡಕಾಡಿ, ಕೈಗೆ ಸಿಕ್ಕ ಹಿಡಿಯನ್ನು ಎಳೆದೇಬಿಟ್ಟರು. ಅದು ಹ್ಯಾಂಡ್ ಬ್ರೇಕು. ನಡುರಸ್ತೆಯಲ್ಲಿ ಕಾರು ನಿಂತಿತು. ಹಿಂದಿನ ಲಾರಿಯವನು ಇಳಿದು ಬಂದು ತನ್ನ ಭಾಷೆಯಲ್ಲಿ ಐದು ನಿಮಿಷ ಬೈದ. ಭಾಷೆ ಬಾರದಿದ್ದರೂ ಮಾಸ್ಟರಿಗೆ ಅಷ್ಟೂ ಅರ್ಥವಾಯಿತು. ಅದೇ ಬೈಗುಳವನ್ನು ಅವರೂ ಮೂವತ್ತು ವರ್ಷ ಬೈದಿದ್ದರು.

ಮಧ್ಯಾಹ್ನ ಊಟವೂ ಸೇರದೆ ಹಿತ್ತಲ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತರು. ಮದುಮಗಳೇ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಮಾವ, ಹೇಗಾದ್ರೂ ಮಾಡಿ ಪಾಸಾಗಿ. ಆವತ್ತು ಪಕ್ಕದಲ್ಲಿ ನೀವಿದ್ರೇನೇ ನಂಗೆ ಧೈರ್ಯ."

ಮಾಸ್ಟರಿಗೆ ಕಣ್ಣು ತುಂಬಿತು. ಈ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಓಡಾಡಿದವರು ಅವರು. ಅಪ್ಪ ಅಮ್ಮನ ಜೊತೆ ಅವಳು ಈ ದೇಶಕ್ಕೆ ಹೊರಟ ದಿನ ಎಲ್ಲರಿಗಿಂತ ಹೆಚ್ಚು ಅತ್ತವರೂ ಅವರೇ. "ನಿನ್ನಾಣೆ ಕಣಮ್ಮಾ, ಈ ಸಲ ತುಟಿ ಬಿಚ್ಚಲ್ಲ" ಎಂದು ಅವಳ ಕೈ ಹಿಡಿದುಕೊಂಡರು.

ಮೂರನೇ ಸವಾರಿಯಲ್ಲಿ ಎಣಿಕೆಯೂ ಇಲ್ಲ, ಪಟ್ಟಿಯೂ ಇಲ್ಲ. ಮಾಸ್ಟರು ಮುಂದಿನ ಗಾಜು ಬಿಟ್ಟು ಪಕ್ಕದ ಗಾಜಿನತ್ತ ಮುಖ ತಿರುಗಿಸಿದರು. ಒಬ್ಬಾಕೆ ಮಹಡಿಯಲ್ಲಿ ನಿಂತು ಜಮಖಾನ ಕೊಡವುತ್ತಿದ್ದಳು. ಕ್ಷೌರದಂಗಡಿಯಲ್ಲಿ ಒಬ್ಬ ಅರ್ಧ ಗಡ್ಡ ಬೋಳಿಸಿಕೊಂಡು ನಿದ್ದೆ ಹೋಗಿದ್ದ. ಮುದುಕರಿಬ್ಬರು ಒಂದೇ ಪೇಪರಿಗೆ ಜಗಳವಾಡುತ್ತಿದ್ದರು. ಮೂವತ್ತು ವರ್ಷ ರಸ್ತೆಯನ್ನೇ ನೋಡಿದ ಮನುಷ್ಯ ರಸ್ತೆಯ ಪಕ್ಕದಲ್ಲಿ ಏನಿರುತ್ತದೆಂದು ನೋಡಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿದೆಯಲ್ಲ ಅನ್ನಿಸಿತು. ಭುಜ ಸಡಿಲವಾಯಿತು. ತಂಗಿಯ ಗಂಡ ಪರೀಕ್ಷೆ ಮಾಡಲೆಂದೇ ಒಂದು ಚಕ್ರವನ್ನು ಫುಟ್‌ಪಾತಿಗೆ ಹತ್ತಿಸಿ ಇಳಿಸಿದ. ಮಾಸ್ಟರು ಹಾಯಾಗಿ ಆಕಳಿಸಿದರು.

"ಪಾಸ್!" ಎಂದು ನರ್ಸಕ್ಕ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಹಬ್ಬವೋ ಹಬ್ಬ. ತಂಗಿ ಅಣ್ಣನ ಕಾಲಿಗೇ ಬಿದ್ದಳು. ಬುಗುಟಿನ ಬೀಗರೂ ಬಂದು ಅಪ್ಪಿಕೊಂಡರು. ಒಂದು ಸೀಟು ಸಿಕ್ಕಿದ್ದಕ್ಕೆ ಇವರೆಲ್ಲ ಇಷ್ಟು ಖುಷಿಪಡುತ್ತಾರಲ್ಲ, ಎಂಥ ಬಂಗಾರದಂಥ ಜನ ಎಂದು ಮಾಸ್ಟರು ಕರಗಿಹೋದರು.

ಅಷ್ಟರಲ್ಲಿ ಮದುಮಗಳು ಕೀ ಹಿಡಿದು ಬಂದಳು. "ಬನ್ನಿ ಮಾವ, ಈಗಲೇ ಒಂದು ರೌಂಡ್ ಹೋಗಿ ಬರೋಣ."

"ಆಗ್ಲಮ್ಮಾ. ಡ್ರೈವರ್ ಎಲ್ಲಿ?"

"ನಾನೇ ಡ್ರೈವರ್! ನನ್ನ ಮದುವೆಗೆ ನನ್ನ ಕಾರನ್ನ ನಾನೇ ಓಡಿಸ್ಕೊಂಡು ಹೋಗೋದು ಅಂತ ಹಠ ಹಿಡಿದಿದ್ದೆ. ಲೈಸೆನ್ಸು ಮೊನ್ನೆ ಮೊನ್ನೆ ತಾನೆ ಸಿಕ್ತು, ಆರನೇ ಸಲಕ್ಕೆ. ಅಪ್ಪ ಒಂದು ಸಲ ಪಕ್ಕ ಕೂತು ಬಂದು ಎರಡು ದಿನ ಮಾತಾಡ್ಲಿಲ್ಲ. ಅಮ್ಮ ಅರ್ಧ ದಾರೀಲೇ ಇಳಿದು ನಡ್ಕೊಂಡು ಬಂದ್ಲು. ಕಿರುಚದೆ ಪಕ್ಕದಲ್ಲಿ ಕೂರೋರು ಒಬ್ಬರು ಸಿಕ್ರೆ ಓಡಿಸು ಅಂದಿದ್ರು. ಸದ್ಯ, ನೀವು ಸಿಕ್ಕಿದ್ರಿ!"

ಮಾಸ್ಟರು ತಿರುಗಿ ನೋಡಿದರು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಹುಡುಗಿಯ ಮುಖ ನೋಡಿದರು. ಅಷ್ಟು ಸಂತೋಷ ತುಂಬಿದ ಮುಖಕ್ಕೆ ಇಲ್ಲ ಅನ್ನುವುದು ಹೇಗೆ? ಮೆಲ್ಲಗೆ ಕಾರು ಹತ್ತಿ ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡರು.

"ಆವತ್ತು ಹಿಂದಿನ ಸೀಟಲ್ಲಿ ಯಾರ್ಯಾರು ಬರ್ತಾರಮ್ಮಾ?"

"ಯಾರೂ ಇಲ್ಲ ಮಾವ. ಎಲ್ಲರೂ ಸೇರಿ ವ್ಯಾನ್ ಮಾಡ್ಕೊಂಡಿದಾರೆ."

"ನಿಮ್ಮತ್ತೆ, ನನ್ನ ಹೆಂಡ್ತಿನಾದ್ರೂ ಬರ್ತಾಳಲ್ಲ?"

"ಅತ್ತೆನಾ? ವ್ಯಾನಲ್ಲಿ ಮೊದಲು ಸೀಟು ಹಿಡಿದಿದ್ದೇ ಅವರು!"