ಅಕ್ಕನ ಟ್ರಂಕ್ ಕಾಲ್ ರಿಜಿಸ್ಟರ್

ಎರಡು ಊರಿನ ಮಾತು ಮೂರನೆಯವರ ಕೈ ದಾಟಿ ಹೋಗಬೇಕಾದರೆ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊಸನಗರದ ಕಡೆಯ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೂಪರ್‌ವೈಸರ್ ಆಗಿ ಹೋದೆ. ಸಾಗರದವರು ತೀರ್ಥಹಳ್ಳಿಯವರ ಹತ್ತಿರ ಮಾತಾಡಬೇಕಿದ್ದರೆ ನಮ್ಮ ಆಪರೇಟರ್ ಬೋರ್ಡಿಗೆ ವಯರು ಚುಚ್ಚಿ ಜೋಡಿಸಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಆ ಆಪರೇಟರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಂಥವರನ್ನು ನಾನು ಮತ್ತೆ ಕಂಡಿಲ್ಲ.

೧. ಎಲ್ಲ ಬರೀರಿ

ಹೊಸ ಹುರುಪಿನಲ್ಲಿ ಮೊದಲ ದಿನವೇ ಹೇಳಿದೆ: "ಇಲ್ಲಿ ಏನೇನಾಗುತ್ತೋ ಎಲ್ಲ ಬರೀರಿ. ಒಂದೂ ಬಿಡಬಾರದು."

"ಎಲ್ಲಾನೂ ಸಾರ್?"

"ಎಲ್ಲಾನೂ."

ಆರು ತಿಂಗಳಿಗೆ ಸಾಕಾಗುವ ರಿಜಿಸ್ಟರ್ ವಾರದಲ್ಲೇ ತುಂಬಿತು. ತೆರೆದು ನೋಡಿದೆ. "೧೦.೧೫: ಸಾಗರ ಕರೆಯಿತು. ೧೦.೧೬: ಸಾಗರ ಸೀನಿತು. ೧೦.೨೦: ಸೂಪರ್‌ವೈಸರ್ ಕಾಫಿಗೆ ಹೋದರು. ೧೧.೩೦: ಇನ್ನೂ ಬಂದಿಲ್ಲ."

ಇನ್ನು ಮೇಲೆ ಬೇಕಾದ್ದಷ್ಟೇ ಸಾಕು ಎಂದು ಕೈಮುಗಿದೆ.

೨. ಸಿಗದ ಲೈನು

ಆದರೂ ಕೈಗೂಡದ ಕರೆಗೆ ಕಾರಣ ಬರೆಯುವುದನ್ನು ಅಕ್ಕ ಬಿಡಲಿಲ್ಲ. ಒಂದು ದಿನ ತೀರ್ಥಹಳ್ಳಿಯ ಜವಳಿ ವ್ಯಾಪಾರಿಯೊಬ್ಬರು ಬಸ್ಸಿಳಿದು ನೇರ ಒಳಗೆ ನುಗ್ಗಿದರು. "ನಿನ್ನೆ ಇಡೀ ದಿನ ಸಾಗರದ ಲೈನ್ ಕೊಡ್ಲಿಲ್ಲ ಈಯಮ್ಮ!"

ಅಕ್ಕ ಶಾಂತವಾಗಿ ಪುಟ ತಿರುವಿದರು. "ಒಂಬತ್ತಕ್ಕೆ ಲೈನ್ ಸಿಕ್ತು, ನೀವು ಸ್ನಾನಕ್ಕೆ ಹೋಗಿದ್ರಿ. ಹನ್ನೊಂದಕ್ಕೆ ಸಿಕ್ತು, ತೋಟಕ್ಕೆ ಹೋಗಿದ್ರಿ. ಮೂರಕ್ಕೆ ಸಿಕ್ತು, ಮಲಗಿದ್ರಿ. ಎಬ್ಬಿಸೋದಿಲ್ಲ ಅಂದ್ರು ಮನೆಯವರು."

ವ್ಯಾಪಾರಿ ಮೆತ್ತಗಾದರು. ಪುಟದ ಮೇಲೆ ಬಗ್ಗಿ ಕೇಳಿದರು: "ಕನ್ನಡಕ ಎಲ್ಲಿಟ್ಟೆ ಅಂತ ಏನಾದ್ರೂ ಬರ್ದಿದೀರಾ ಅಮ್ಮ?"

೩. ಒಪ್ಪಿಗೆ

ಇದು ಜೋರು ಗಾಳಿಯ ಒಂದು ಮಧ್ಯಾಹ್ನ ನಡೆದದ್ದು. ತೀರ್ಥಹಳ್ಳಿಯಲ್ಲಿ ಹುಡುಗಿಯ ಅಪ್ಪ, ಸಾಗರದಲ್ಲಿ ಹುಡುಗನ ಅಜ್ಜ. ಸಂಜೆಯೊಳಗೆ ಉತ್ತರ ಬರದಿದ್ದರೆ ಅಜ್ಜ ಬೇರೆ ಸಂಬಂಧಕ್ಕೆ ಮಾತು ಕೊಡುವವರಿದ್ದರು. ಲೈನು ಎಷ್ಟು ಕೆಟ್ಟಿತ್ತೆಂದರೆ ಒಬ್ಬರಿಗೊಬ್ಬರು ಕೇಳುತ್ತಿಲ್ಲ. ಇಬ್ಬರಿಗೂ ನಡುವಿನ ಅಕ್ಕ ಮಾತ್ರ ಕೇಳುತ್ತಾರೆ. ನಾನೂ ಪಕ್ಕದಲ್ಲಿ ಇನ್ನೊಂದು ರಿಸೀವರ್ ಕಿವಿಗಿಟ್ಟುಕೊಂಡಿದ್ದೆ.

"ಹುಡುಗಿ ಒಪ್ಪಿದಾಳೆ, ಹೇಳಿ ತಾಯಿ," ಎಂದರು ಅಪ್ಪ, ಅಳುವ ದನಿಯಲ್ಲಿ.

"ಹುಡುಗಿಗೆ ಒಪ್ಪಿಗೆ!" ಅಕ್ಕ ಸಾಗರಕ್ಕೆ ಕೂಗಿದರು.

"ಯಾರು, ಹುಡುಗೀನೇ ಮಾತಾಡ್ತಿರೋದಾ?"

"ಅಲ್ಲ, ಎಕ್ಸ್‌ಚೇಂಜು!"

ಗಾಳಿಯ ಗರಗರಕ್ಕೆ ಅದೊಂದು ಮಾತು ಅಜ್ಜನಿಗೆ ಕೇಳಲಿಲ್ಲ. "ದನಿ ಗಟ್ಟಿ ಇದೆ. ಧೈರ್ಯದ ಹುಡುಗಿ. ನಮಗೂ ಒಪ್ಪಿಗೆ. ದೀರ್ಘಸುಮಂಗಲೀ ಭವ!"

ಅಕ್ಕ ಒಂದಕ್ಷರ ಬಿಡದೆ ತೀರ್ಥಹಳ್ಳಿಗೆ ದಾಟಿಸಿದರು. ಆ ಕಡೆ ಅಪ್ಪ ಅತ್ತೇಬಿಟ್ಟರು. ನನ್ನ ಕಣ್ಣೂ ಒದ್ದೆಯಾಗಿತ್ತು. ಅಕ್ಕ ಮಾತ್ರ ಪೆನ್ನು ತೆಗೆದು ಬರೆಯುತ್ತಿದ್ದರು. ಬಗ್ಗಿ ನೋಡಿದೆ:

"ಸಾಗರ–ತೀರ್ಥಹಳ್ಳಿ, ಆರು ನಿಮಿಷ. ಮದುವೆ ನಿಶ್ಚಯ. ಆಶೀರ್ವಾದ ತಪ್ಪು ನಂಬರಿಗೆ ಬಂದಿತ್ತು; ತಲುಪಿಸಲಾಗಿದೆ."