ಬೇಕಂತಲೇ ಬರೆದ ವೃತ್ತ

ಪ್ರತಿಯೊಬ್ಬರಿಗೂ ಲೋಕದಿಂದ ಮುಚ್ಚಿಡಬೇಕಾದ ಒಂದು ಕೊರತೆ ಇದ್ದೇ ಇರುತ್ತದೆ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಹದಿನೇಳರ ಮಗ್ಗಿ ಬರುವುದಿಲ್ಲ, ನಮ್ಮ ಯಜಮಾನರಿಗೆ ಹೇಳಿ ಕಳಿಸಿದ ಸಾಮಾನನ್ನೇ ಅಂಗಡಿಯಿಂದ ತರಲು ಬರುವುದಿಲ್ಲ. ನನಗೆ ದುಂಡಗೆ ಬರೆಯಲು ಬರುವುದಿಲ್ಲ. ಅದರಲ್ಲೇನು ಮಹಾ ಅನ್ನಬೇಡಿ. ನಾನು ಸಂತೇಬೆನ್ನೂರಿನ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳಿಗೆ ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿರುವವಳು. ಆ ಮಕ್ಕಳಿಗೆ ವೃತ್ತ, ಚೌಕ, ಆಯತ, ತ್ರಿಭುಜ ಕಲಿಸದೆ ಗತಿಯಿಲ್ಲ. ಚೌಕ, ಆಯತಗಳಿಗೆ ಸ್ಕೇಲು ಇದೆ, ದೇವರು ದೊಡ್ಡವನು. ವೃತ್ತಕ್ಕೆ ಮಾತ್ರ ನಾನು ಮತ್ತು ನನ್ನ ಕೈ. ಸೀಮೆಸುಣ್ಣ ಹಿಡಿದು ಮೇಲಿನಿಂದ ಹೊರಟರೆ ಅರ್ಧ ದಾರಿಯವರೆಗೆ ಎಲ್ಲವೂ ಸುಗಮ. ಕೆಳಗೆ ಇಳಿದು ತಿರುವು ತೆಗೆದುಕೊಳ್ಳುವ ಹೊತ್ತಿಗೆ ಕೈಗೆ ಏನೋ ನೆನಪಾಗುತ್ತದೆ. ಕೊನೆಗೆ ಎರಡು ತುದಿಗಳೂ ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಒಂದು ನೋಡದೆ ಪಕ್ಕಪಕ್ಕದಲ್ಲೇ ಹಾದುಹೋಗುತ್ತವೆ.

ಈ ಕೊರತೆಯನ್ನು ಮೊದಲು ಪತ್ತೆ ಹಚ್ಚಿದವರು ನಮ್ಮ ಅತ್ತೆ. ನಾನು ಹೊನ್ನಾಳಿ ಕಡೆಯವಳು, ಅನ್ನ ಉಂಡು ಬೆಳೆದವಳು. ಅತ್ತೆ ಜಗಳೂರಿನ ಬಿಳಿಚೋಡು ಕಡೆಯವರು. ಅವರ ಪ್ರಕಾರ ಹೆಣ್ಣುಮಕ್ಕಳ ವಿದ್ಯೆಯನ್ನು ಜೋಳದ ರೊಟ್ಟಿಯ ಅಂಚು ನೋಡಿ ಹೇಳಬಹುದು. ಮದುವೆಯಾದ ಮೊದಲ ವಾರ ನಾನು ತಟ್ಟಿದ ರೊಟ್ಟಿಯನ್ನು ಅವರು ಎರಡು ಕೈಯಲ್ಲಿ ಎತ್ತಿ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಮೃದುವಾಗಿ ಕೇಳಿದರು: "ಇದ್ಕೆ ಎಷ್ಟು ಮೂಲೆ ಅದಾವವ್ವಾ?" ನಾನೂ ಹೊಸದಾಗಿ ಕೆಲಸಕ್ಕೆ ಸೇರಿದ ಉತ್ಸಾಹದಲ್ಲಿ ಎಣಿಸಿ, "ಐದು ಅತ್ತೆ" ಎಂದೆ. ಆ ಉತ್ತರ ಬಿಳಿಚೋಡಿನ ನೆಂಟರ ಮನೆಗಳಲ್ಲೆಲ್ಲ ಇವತ್ತಿಗೂ ಚಾಲ್ತಿಯಲ್ಲಿದೆ.

ಶಾಲೆಯಲ್ಲಿ ನನ್ನ ಮಾನ ಉಳಿಸಿದ್ದು ಬಿಸಿಯೂಟದ ಸಾರಿನ ಪಾತ್ರೆಯ ಮುಚ್ಚಳ. ವೃತ್ತದ ಪಾಠ ಬಂದ ದಿನ ಅದನ್ನು ಅಡುಗೆಮನೆಯಿಂದ ತಂದು, ಬೋರ್ಡಿಗೆ ಒತ್ತಿ ಹಿಡಿದು, ಸುತ್ತ ಸೀಮೆಸುಣ್ಣ ಎಳೆದುಬಿಡುತ್ತಿದ್ದೆ. ವೃತ್ತ ಚಂದ್ರನಂತೆ ಬರುತ್ತಿತ್ತು. ಇದರಿಂದ ಒಂದೇ ತೊಂದರೆ ಎಂದರೆ, ನನ್ನ ಕೈಯಲ್ಲಿ ಕಲಿತ ಮಕ್ಕಳಿಗೆಲ್ಲ ವೃತ್ತ ಎಂದ ಕೂಡಲೇ ಹಸಿವಾಗುತ್ತದೆ.

ಹೀಗೆ ನಿವೃತ್ತಿಯವರೆಗೂ ಮುಚ್ಚಳದ ಮರೆಯಲ್ಲೇ ಬಾಳಬಹುದಿತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಮ್ಮ ಸುತ್ತಲಿನ ಹತ್ತಾರು ಶಾಲೆಗಳ ಶಿಕ್ಷಕರೆಲ್ಲ ತಿಂಗಳಿಗೊಮ್ಮೆ ಒಂದು ಕಡೆ ಸೇರುತ್ತೇವೆ. ಯಾರಾದರೊಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾದರಿ ಪಾಠ ಮಾಡಬೇಕು, ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಹುಡುಕಬೇಕು, ಆಮೇಲೆ ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತಿನ್ನಬೇಕು. ಅವತ್ತು ಪಕ್ಕದ ಊರಿನ ರುದ್ರಪ್ಪ ಮೇಷ್ಟ್ರು ಮಳೆ ಹೇಗೆ ಬರುತ್ತದೆ ಎಂಬ ಪಾಠ ಮಾಡಿದರು. ಅವರು ಹತ್ತಿಯಲ್ಲಿ ಮಾಡಿ ದಾರ ಕಟ್ಟಿದ್ದ ಮೋಡ, ಫ್ಯಾನಿನ ಗಾಳಿಗೆ ಹಾರಿ, ಸಿಆರ್‌ಪಿ ಸಾರ್ ಅವರ ಚಹಾದ ಲೋಟದೊಳಗೆ ಬಿತ್ತು. ಸಿಆರ್‌ಪಿ ಎಂದರೆ ನಮ್ಮ ಶಾಲೆಗಳನ್ನೆಲ್ಲ ಸುತ್ತಿ ನೋಡಿಕೊಳ್ಳುವವರು. ಅವರು ಬಾಯೊಳಗಿನ ಹತ್ತಿ ತೆಗೆಯುತ್ತಿರುವಾಗ ನಾನು ಪಕ್ಕದವರಿಗೆ ಮೆಲ್ಲಗೆ, "ನಾನಾಗಿದ್ರೆ ಇಷ್ಟು ಕಚ್ಚಾ ತಯಾರಿ ಇಟ್ಕೊಂಡು ಬರ್ತಿರಲಿಲ್ಲಪ್ಪ" ಎಂದೆ. ಹದಿನೆಂಟು ವರ್ಷ ಮೂರು ತರಗತಿಗಳ ಗಲಾಟೆಯ ಮೇಲೆ ಕೂಗಿ ಕೂಗಿ ನನ್ನ ಮೆಲ್ಲಗಿನ ದನಿ ಎಂಬುದು ರಸ್ತೆಗೆ ಕೇಳಿಸುತ್ತದೆ.

"ಹಂಗಾದ್ರೆ ಮುಂದಿನ ತಿಂಗಳು ನಿಮ್ಮ ಶಾಲೆಯಾಗೇ ಇಟ್ಕಳಾಣ ಮೇಡಂ" ಎಂದರು ಸಿಆರ್‌ಪಿ ಸಾರ್. "ಒಂದು, ಎರಡನೇ ಕ್ಲಾಸಿಗೆ ಚಪ್ಪಟೆ ಆಕಾರಗಳು."

ರುದ್ರಪ್ಪ ಮೇಷ್ಟ್ರು ದಾರ ಸುತ್ತುತ್ತಾ ನನ್ನ ಕಡೆ ನೋಡಿ ನಕ್ಕರು. "ವೃತ್ತ ಕೈಯಾಗೇ ಬರೀರಿ ಮೇಡಂ. ಹೋದ ವರ್ಷ ನಿಮ್ಮ ಶಾಲೆಗೆ ಬಂದಾಗ ನೋಡೀನಿ, ನೀವು ಮುಚ್ಚಳ ಇಟ್ಟು ಬರೀತಿದ್ರಿ. ನಮ್ಮ ಮುಂದೆ ಅಡುಗೆಮನೆ ಸಾಮಾನು ತರಬ್ಯಾಡ್ರಿ ಮತ್ತೆ!" ಅಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನ ಎದುರು ಮರ್ಯಾದೆ ಕಳೆದುಕೊಳ್ಳುವುದಕ್ಕಿಂತ ವರ್ಗಾವಣೆ ತೆಗೆದುಕೊಂಡು ನ್ಯಾಮತಿಯ ಆ ಕಡೆಗೆ ಹೋಗುವುದೇ ವಾಸಿ ಅನ್ನಿಸಿತು.

ತಿಂಗಳಿಡೀ ಮನೆಯ ಗೋಡೆ, ನೆಲ, ಹಳೆಯ ಕ್ಯಾಲೆಂಡರಿನ ಹಿಂಬದಿ ಎಲ್ಲ ಕಡೆ ವೃತ್ತ ಬರೆದೆ. ಆಲೂಗಡ್ಡೆ ಬಂತು, ಬದನೆಕಾಯಿ ಬಂತು, ಒಮ್ಮೆ ನಮ್ಮ ಹೆಡ್‌ಮಾಸ್ಟರರ ಮುಖದ ಹೋಲಿಕೆಯೂ ಬಂತು, ವೃತ್ತ ಬರಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಬೋರ್ಡನ್ನೇ ಮುಟ್ಟದಿದ್ದರೆ? ಮಾದರಿ ಪಾಠದ ಹಿಂದಿನ ದಿನ ಮಕ್ಕಳಿಗೆ ಹೇಳಿದೆ: "ನಾಳೆ ಎಲ್ಲರೂ ನಿಮ್ಮ ನಿಮ್ಮ ಮನೆಯಿಂದ ಒಂದೊಂದು ಚಪ್ಪಟೆ ವಸ್ತು ತರಬೇಕು."

"ಮಿಸ್, ಮುದ್ದೆ ತರ್ಲಾ?" ಎಂದ ಎರಡನೇ ಕ್ಲಾಸಿನ ಮಂಜ.

"ಮುದ್ದೆ ಚಪ್ಪಟೆ ಅಲ್ಲ ಕಣೋ, ಅದು ಉಂಡೆ."

"ಮೇಲಿಂದ ಗುದ್ದಿ ತರ್ತೀನಿ ಮಿಸ್."

ಮುದ್ದೆ ಬೇಡ ಎಂದು ಅವನನ್ನು ಒಪ್ಪಿಸುವಷ್ಟರಲ್ಲಿ ಬೆಲ್ ಹೊಡೆಯಿತು. ಆ ಗಡಿಬಿಡಿಯಲ್ಲಿ ಒಂದು ಮಾತು ಹೇಳುವುದನ್ನು ಮರೆತೆ. ಚಿಕ್ಕ ವಸ್ತು ತನ್ನಿ, ಮನೆಯವರನ್ನು ಕೇಳಿ ತನ್ನಿ ಎಂಬ ಮಾತು.

ಮರುದಿನ ಬೆಳಿಗ್ಗೆ ನಮ್ಮ ಶಾಲೆಯ ಮೆಟ್ಟಿಲ ಮೇಲೆ ಅರ್ಧ ಊರು ಬಂದು ಬಿದ್ದಿತ್ತು. ಒಬ್ಬಳು ಗೋಡೆ ಗಡಿಯಾರ ತಂದಿದ್ದಳು. ಆ ಮನೆಯವರಿಗೆ ಹೊತ್ತು ಗೊತ್ತಾಗದೆ ಚನ್ನಗಿರಿ ಬಸ್ಸು ತಪ್ಪಿತೆಂದು ಆಮೇಲೆ ತಿಳಿಯಿತು. ಇನ್ನೊಬ್ಬ ಅವರ ತಾತನ ಫೋಟೋವನ್ನು ಹಾರದ ಸಮೇತ ತಂದು, "ಆಯತ ಮಿಸ್" ಎಂದು ನನ್ನ ಕಾಲ ಬಳಿ ಇಟ್ಟ. ಒಂದನೇ ಕ್ಲಾಸಿನ ಅವಳಿ ಹುಡುಗರು ಕೋಳಿಗೂಡಿನ ಚೌಕದ ಬಾಗಿಲು ಕಿತ್ತು ತಂದಿದ್ದರು. ಅವರ ಹಿಂದೆಯೇ ಮೂರು ಕೋಳಿಗಳೂ ಬಂದಿದ್ದವು. ನಾಗವೇಣಿ ಎಂಬ ಎರಡನೇ ಕ್ಲಾಸಿನ ಹುಡುಗಿ ತಲೆಯ ಮೇಲೆ ರೊಟ್ಟಿ ಹಂಚು ಹೊತ್ತು, ಮುಖವೆಲ್ಲ ಮಸಿ ಮಾಡಿಕೊಂಡು, ವೀರನಾರಿಯ ಹಾಗೆ ನಡೆದು ಬಂದಳು. ತ್ರಿಭುಜ ಮಾತ್ರ ಒಂದೂ ಇಲ್ಲ. ನೀವೂ ನಿಮ್ಮ ಮನೆಯಲ್ಲಿ ಹುಡುಕಿ ನೋಡಿ, ಮೂರು ಮೂಲೆಯ ವಸ್ತು ಒಂದು ಸಿಕ್ಕರೆ ಹೇಳಿ. ಇಡೀ ಶಾಲೆಯ ತ್ರಿಭುಜವೆಂದರೆ ಮಂಜ ಸಂತೆಯಿಂದ ತಂದಿದ್ದ ಒಂದು ಈರುಳ್ಳಿ ಸಮೋಸ.

ಹತ್ತೂವರೆಗೆ ಪಾಠ ಶುರುವಾಯಿತು. ಹಿಂದಿನ ಸಾಲಿನ ನಟ್ಟನಡುವೆ ರುದ್ರಪ್ಪ ಮೇಷ್ಟ್ರು. ಚೌಕ ಮುಗಿಯಿತು, ಆಯತ ಮುಗಿಯಿತು, ತಾತನಿಗೆ ಎಲ್ಲರೂ ಕೈ ಮುಗಿದಿದ್ದೂ ಆಯಿತು. "ತ್ರಿಭುಜ ತೋರಿಸು ಮಂಜಾ" ಎಂದೆ. ಹುಡುಗ ಸಮೋಸ ಎತ್ತಿದ. ಕಾಯಲಾರದೆ ಒಂದು ಮೂಲೆ ಕಚ್ಚಿಬಿಟ್ಟಿದ್ದ.

"ಎಷ್ಟು ಮೂಲೆ?" ಎಂದೆ, ಅಭ್ಯಾಸಬಲ.

ಮಂಜ ಬೆರಳಿಟ್ಟು ಎಣಿಸಿದ. "ನಾಕು ಮಿಸ್! ಕಡಿದ್ರೆ ಒಂದು ಹೆಚ್ಚಾತು!"

ನೀವೇ ಎಣಿಸಿ, ನಿಜ. ತ್ರಿಭುಜದ ಒಂದು ಮೂಲೆ ಕಚ್ಚಿದರೆ ಅಲ್ಲಿ ಎರಡು ಮೂಲೆ ಹುಟ್ಟುತ್ತವೆ. ತಿಂದಷ್ಟೂ ಹೆಚ್ಚಾಗುವ ವಸ್ತು ಪ್ರಪಂಚದಲ್ಲಿದೆ ಎಂದು ತಿಳಿದ ಮಕ್ಕಳು ಸಮೋಸದ ಮೇಲೆ ಬಿದ್ದರು. ಐದು ಮೂಲೆ, ಆರು ಮೂಲೆ ಎಂದು ಕೂಗು ಎದ್ದಿತು. ಒಂದು ನಿಮಿಷದಲ್ಲಿ ತ್ರಿಭುಜವೂ ಇಲ್ಲ, ಮೂಲೆಯೂ ಇಲ್ಲ, ಒಂದು ಚೂರು ಈರುಳ್ಳಿಯನ್ನು ಕೋಳಿ ಕುಕ್ಕುತ್ತಿತ್ತು.

"ಚೆನ್ನಾಗೈತೆ, ಚೆನ್ನಾಗೈತೆ" ಎಂದು ರುದ್ರಪ್ಪ ಮೇಷ್ಟ್ರು ಎದ್ದು ನಿಂತರು. "ಈಗ ಬೋರ್ಡಿನ ಮ್ಯಾಲೆ ಒಂದು ವೃತ್ತ ಬರೆದು ತೋರಿಸ್ರಿ ಮೇಡಂ. ಮಕ್ಕಳು ನೋಡ್ಲಿ." ಸಿಆರ್‌ಪಿ ಸಾರ್ ಕೂಡ, "ಹೌದು, ಅದೊಂದು ಉಳೀತು ನೋಡ್ರಿ" ಎಂದರು.

ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಮನೆದೇವರನ್ನು ನೆನೆದು, ಉಸಿರು ಹಿಡಿದು, ಒಂದೇ ಸುತ್ತಿಗೆ ಎಳೆದೆ. ತಿರುಗಿ ನೋಡಲು ಧೈರ್ಯವಿಲ್ಲದೆ ಬೋರ್ಡಿಗೆ ಬೆನ್ನು ಹಾಕಿ ಕೇಳಿದೆ: "ಮಕ್ಕಳೇ, ಇದೇನು?"

ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳೂ ನಾನೇ. ನಾಗವೇಣಿ ಎದ್ದು ಬಂದು ಬೋರ್ಡಿನ ಮೇಲೆ ಬೆರಳಾಡಿಸಿ, "ಮಿಸ್, ಇಲ್ಲಿ ಮೂಲೆ ಐತೆ. ಇಲ್ಲೊಂದು ಐತೆ. ವೃತ್ತಕ್ಕೆ ಮೂಲೆ ಇರಲ್ಲ ಅಂತ ನೀವೇ ಹೇಳಿದ್ರಿ" ಎಂದಳು. ಹಿಂದಿನ ಸಾಲಿನಿಂದ ಕಿಸಕ್ಕೆಂದು ಒಂದು ನಗು ಬಂತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಭೂಮಿಯ ಬದಲು ಬಾಗಿಲು ಬಾಯಿ ಬಿಟ್ಟಿತು. ನಾಗವೇಣಿಯ ಅಜ್ಜಿ ಗೌರಮ್ಮ ಕೈಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. "ಟೀಚರಮ್ಮಾ, ಹಂಚು ಕೊಡ್ರಿ. ಬಿಸಿನೀರು ಹಾಕಿ ಹಿಟ್ಟು ಕಲಸಿಟ್ಟೀನಿ. ಇಡೀ ಮನೆ ಹುಡುಕಿದೆ, ಒಲೆ ಮ್ಯಾಲಿನ ಹಂಚು ಕದಿಯೋರು ಯಾರಪ್ಪಾ ಅಂತ!" ಎನ್ನುತ್ತಾ ಒಳಗೆ ಬಂದವರು ಬೋರ್ಡು ನೋಡಿ ನಿಂತರು. ನೋಡಿ, ನನ್ನ ಮುಖವನ್ನೂ ನೋಡಿ, ಮರುಕದಿಂದ ಹೇಳಿದರು: "ನಮ್ಮ ನಾಗಿನೂ ಮೊದಮೊದಲು ಹಿಂಗೇ ತಟ್ತಿದ್ಲು ಬಿಡ್ರಿ. ಬರ್ತಾ ಬರ್ತಾ ಬರ್ತೈತೆ. ಬರೇ ಕೈ ತಿರುಗಿಸಬಾರದು, ರೊಟ್ಟಿ ತಿರುಗಿಸ್ಬೇಕು."

"ಬೋರ್ಡು ಹೆಂಗೆ ತಿರುಗಿಸಾದು ಅಜ್ಜಿ?" ಎಂದ ಮಂಜ.

"ಬೋರ್ಡು ತಿರುಗದಿದ್ರೆ ನಾವೇ ತಿರುಗಾದು!" ಎಂದ ಗೌರಮ್ಮ ನನ್ನ ಕೈಯಿಂದ ಸೀಮೆಸುಣ್ಣ ಕಸಿದು, ತರಗತಿಯ ನಡುವೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ತೋಳು ನೀಟಾಗಿ ಚಾಚಿ, ಅಂಗಳ ಸಾರಿಸುವವರ ಹಾಗೆ ಕೂತಲ್ಲೇ ಒಂದು ಸುತ್ತು ತಿರುಗಿದರು. ತಮ್ಮ ಸುತ್ತ ತಾವೇ ಬರೆದ ವೃತ್ತದ ನಡುವಿನಿಂದ ಎದ್ದು, ಸೀರೆ ಕೊಡವಿ, ಹಂಚನ್ನು ಕಂಕುಳಲ್ಲಿಟ್ಟು ಹೊರಟೇ ಹೋದರು. ಆ ವೃತ್ತದ ಎರಡು ತುದಿ ಎಲ್ಲಿ ಸೇರಿದವೆಂದು ನಾನು ಬಗ್ಗಿ ಹುಡುಕಿದೆ. ಸಿಗಲಿಲ್ಲ. ಮಕ್ಕಳೆಲ್ಲ ಒಬ್ಬೊಬ್ಬರಾಗಿ ನೆಲದ ಮೇಲೆ ಕೂತು ಗಿರಗಿರ ತಿರುಗತೊಡಗಿದರು.

ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಸಿಆರ್‌ಪಿ ಸಾರ್ ಕಣ್ಣಲ್ಲಿ ನೀರು ತುಂಬಿಕೊಂಡು ತಮ್ಮ ವರದಿಯನ್ನು ಓದಿದರು: "ಸಮುದಾಯದ ಸಹಭಾಗಿತ್ವ ಅತ್ಯುತ್ತಮವಾಗಿತ್ತು. ಶಿಕ್ಷಕಿಯು ಬೇಕಂತಲೇ ತಪ್ಪು ವೃತ್ತ ಬರೆದು ಮಕ್ಕಳ ವೀಕ್ಷಣಾ ಶಕ್ತಿಯನ್ನು ಪರೀಕ್ಷಿಸಿದ ವಿಧಾನ ಅನುಕರಣೀಯ." ಎಲ್ಲರೂ ಚಪ್ಪಾಳೆ ತಟ್ಟಿದರು. ರುದ್ರಪ್ಪ ಮೇಷ್ಟ್ರ ಮುಖ ನನ್ನ ವೃತ್ತದ ಆಕಾರಕ್ಕೆ ತಿರುಗಿತು. ನಾನು, ಸುಳ್ಳೇಕೆ ಹೇಳಲಿ, ತಲೆ ತಗ್ಗಿಸಿ ನಮ್ರತೆಯಿಂದ ನಕ್ಕೆ. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಎಲ್ಲರೂ ಮಂಡಕ್ಕಿಗೆ ಎದ್ದ ಮೇಲೆ ನಾಗವೇಣಿ ನನ್ನ ಸೆರಗು ಜಗ್ಗಿದಳು. "ಮಿಸ್, ಬೇಕಂತ ಬರೆದ್ರಾ?"

"ಹೂಂ."

"ಹೋದ ವಾರ ಚಂದ್ರ ಬರೆದಿದ್ರಲ್ಲ, ಅದೂ ಬೇಕಂತನಾ?"

"ಹೂಂ."

"ನಮ್ಮ ಪುಸ್ತಕದಾಗೆ ಹಾಕಿಕೊಟ್ಟ ಸೊನ್ನೆ?"

"ಹೋಗಿ ಮಂಡಕ್ಕಿ ತಿನ್ನು ಹೋಗು" ಎಂದೆ. ಹೊಟ್ಟೆಯೊಳಗೆ ಏನೋ ಚುಚ್ಚಿತು. ಮಂಡಕ್ಕಿ ತಿಂದೆ, ಹೋಯಿತು.

ಎರಡು ತಿಂಗಳ ನಂತರ ಜಗಳೂರಿನಲ್ಲೊಂದು ತರಬೇತಿ. ನನ್ನ "ಬೇಕಂತಲೇ ತಪ್ಪು ವಿಧಾನ"ವನ್ನು ಎಂಬತ್ತು ಜನ ಶಿಕ್ಷಕರ ಮುಂದೆ ತೋರಿಸಬೇಕೆಂದು ಕರೆ ಬಂತು. ನನಗೆ ಎಳ್ಳಷ್ಟೂ ಭಯವಾಗಲಿಲ್ಲ. ತಪ್ಪು ವೃತ್ತ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ? ಹೊಸ ಸೀರೆ ಉಟ್ಟು ಹೋದೆ. ಅಲ್ಲಿನ ಮಕ್ಕಳನ್ನು ಕೂರಿಸಿದೆ. ಸಭೆಗೆ ಮುಖ ಮಾಡಿ, "ಈಗ ನೋಡಿ, ಇದರಲ್ಲಿ ಏನು ತಪ್ಪಿದೆ ಎಂದು ಮಕ್ಕಳೇ ಹೇಳುತ್ತಾರೆ" ಎಂದು ಮುಗುಳ್ನಗುತ್ತಾ, ಬೋರ್ಡಿನ ಕಡೆ ಸರಿಯಾಗಿ ನೋಡದೆಯೇ, ನಿಶ್ಚಿಂತೆಯಿಂದ ಒಂದು ಸುತ್ತು ಎಳೆದೆ. "ಮಕ್ಕಳೇ, ಇದೇನು?"

"ವೃತ್ತಾ!" ಎಂದು ನಲವತ್ತು ಬಾಯಿ ಒಟ್ಟಿಗೆ ಕೂಗಿದವು.

ತಿರುಗಿ ನೋಡಿದೆ. ಹೌದು, ವೃತ್ತ. ಎಂತಹ ವೃತ್ತ! ಸಾರಿನ ಮುಚ್ಚಳವೇ ನಾಚಬೇಕು. ಹುಟ್ಟಿದಂದಿನಿಂದ ಬಾರದ್ದು, ಬೇಡವೆಂದ ದಿನ ತಾನಾಗಿ ಬಂದು ಕೂತಿತ್ತು. "ಸರಿಯಾಗಿ ನೋಡಿ, ಎಲ್ಲೋ ಒಂದು ಮೂಲೆ ಇರಬೇಕು" ಎಂದು ಮಕ್ಕಳನ್ನು ಗೋಗರೆದೆ. ಅವರು ಒಬ್ಬೊಬ್ಬರಾಗಿ ಬಂದು ಬೆರಳಾಡಿಸಿ, "ಇಲ್ಲ ಮಿಸ್, ಸರಿ ಐತೆ" ಎಂದು ನನಗೇ ಸಮಾಧಾನ ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ರುದ್ರಪ್ಪ ಮೇಷ್ಟ್ರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, "ತಯಾರಿ ಸ್ವಲ್ಪ ಕಚ್ಚಾ ಆತು ಮೇಡಂ" ಎಂದರು. ಅವರ ಮೆಲ್ಲಗಿನ ದನಿಯೂ ನನ್ನದರ ಹಾಗೆಯೇ ಇದೆ.

ಬಸ್ಸಿನಲ್ಲಿ ಬರುವಾಗ ಒಂದೇ ಸಮಾಧಾನ: ಮಾನ ಹೋದರೆ ಹೋಯಿತು, ಕೈಗೆ ವಿದ್ಯೆಯಾದರೂ ಬಂತು. ಮನೆಗೆ ಬಂದವಳೇ ಅತ್ತೆಯನ್ನು ಪಕ್ಕಕ್ಕೆ ಸರಿಸಿ, "ಇವತ್ತು ರೊಟ್ಟಿ ನಾನು ತಟ್ಟುತ್ತೇನೆ" ಎಂದೆ. ಗೌರಮ್ಮ ಹೇಳಿದಂತೆ ತಿರುಗಿಸಿ ತಿರುಗಿಸಿ ತಟ್ಟಿದೆ. ಬೇಯಿಸಿ ತಟ್ಟೆಗೆ ಹಾಕಿದೆ. ಅತ್ತೆ ಅದನ್ನು ಎರಡು ಕೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಬೆರಳಿಟ್ಟು ಎಣಿಸತೊಡಗಿದರು.

"ಅತ್ತೆ, ಅದು ಬೇಕಂತಲೇ ಹಾಗೆ ತಟ್ಟಿದ್ದು" ಎಂದೆ. "ನಿಮ್ಮ ವೀಕ್ಷಣಾ ಶಕ್ತಿ ಪರೀಕ್ಷೆ ಮಾಡೋಕೆ."

"ಹಂಗಾದ್ರೆ ನಾನು ಪಾಸವ್ವಾ" ಎಂದರು ಅತ್ತೆ, ರೊಟ್ಟಿ ಮುರಿಯುತ್ತಾ. "ಆರು ಅದಾವೆ."