ಎದುರಾಳಿಯನ್ನು ಕಳೆದು ಉಳಿದ ಸಮೋಸ

ಜಗಳವಾಡಲು ಗಂಡಸರಿಗೆ ದೇವರು ಏನಾದರೊಂದು ಕೊಟ್ಟೇ ಕೊಡುತ್ತಾನೆ. ಅದು ಆಸ್ತಿಯಾಗದೆ ಆಟವಾದರೆ ಹೆಂಗಸರು ಅವನಿಗೆ ಶುಕ್ರಿಯಾ ಹೇಳಬೇಕು. ನಾನೂ ಹಾಗೇ ಹೇಳಿಕೊಂಡಿದ್ದೆ. ರಗ್ಬಿಗಾಗಿ ಪ್ರಾಣ ಬಿಡುವ ಈ ಆಕ್ಲೆಂಡಿನಲ್ಲಿ ನಮ್ಮವರಿಗೂ ಪಕ್ಕದ ಮನೆಯ ಮೈಸೂರಿನ ಶ್ರೀಧರನಿಗೂ ಹಿಡಿದದ್ದು ಅಮೆರಿಕದ ಫುಟ್‌ಬಾಲಿನ ಹುಚ್ಚು. ಹೆಲ್ಮೆಟ್ ಹಾಕಿಕೊಂಡವರು ತುಂಬಾ ಹೊತ್ತು ನಿಂತು, ಒಂದು ಗಳಿಗೆ ಗುದ್ದಾಡಿ, ಮತ್ತೆ ನಿಲ್ಲುವ ಆಟ. ಅಷ್ಟರಲ್ಲಿ ನನ್ನ ಒಂದು ಕಾವಲಿ ರೊಟ್ಟಿ ಮುಗಿಯುತ್ತದೆ.

ಆ ಸಲ ರಂಜಾನಿನ ಮೊದಲ ವಾರವೇ ಜಟಾಪಟಿ. ಇಬ್ಬರ ಮೆಚ್ಚಿನದೂ ಒಂದೇ ತಂಡ. ಅದರ ದಾಳಿ ಯಾವ ವರ್ಷ ಜೋರಿತ್ತು ಅನ್ನುವುದೇ ತಕರಾರು.

"ನಾವು ಈ ದೇಶಕ್ಕೆ ಬಂದ ವರ್ಷವೇ. ಪಾಯಿಂಟು ನೋಡು," ಅಂದರು ನಮ್ಮವರು.

"ಆ ವರ್ಷ ತಡೆಯೋರೇ ಇರಲಿಲ್ಲ ಇಲಿಯಾಸಣ್ಣ, ಎಲ್ಲಾ ತಂಡದೋರೂ ಪಾಯಿಂಟು ಬಾಚಿಕೊಂಡ್ರು. ಎದುರಿಗೆ ಯಾರಿದ್ರು ಅನ್ನೋದನ್ನ ಲೆಕ್ಕದಿಂದ ಕಳೀದೆ ಬರೀ ಪಾಯಿಂಟು ಎಣಿಸಿದ್ರೆ ಹೆಂಗೆ?"

"ನನಗೇ ಲೆಕ್ಕ ಹೇಳಿಕೊಡ್ತೀಯಾ?"

ಶ್ರೀಧರ ನಾನಿಟ್ಟ ಚಹಾ ಮುಟ್ಟದೆ ಎದ್ದುಹೋದ. ಆಮೇಲೆ ಬರಲೇ ಇಲ್ಲ. ಒಡಹುಟ್ಟಿದವರಿಲ್ಲದ ಊರಲ್ಲಿ ಪ್ರತಿವರ್ಷ ನಮ್ಮ ಇಫ್ತಾರಿಗೆ ಬಂದು ಕೂರುತ್ತಿದ್ದ ತಮ್ಮ ಅವನು. ಸೋಫಾದ ಆ ಮೂಲೆ ಖಾಲಿ ಬಿದ್ದಿತು. ಹಬ್ಬದೊಳಗೆ ತುಂಬಲಪ್ಪಾ ಎಂದು ದಿನಾ ದುವಾ ಮಾಡಿದೆ.

ಒಂದು ಸಂಜೆ ರೋಜಾ ಬಿಟ್ಟು ನಮ್ಮವರು ನನ್ನ ಆಲೂ ಸಮೋಸ ಕಚ್ಚಿ, "ಬಂದ ವರ್ಷದ ರುಚಿ ಈಗಿಲ್ಲ ಕಣೇ," ಅಂದರು.

ನನಗೆ ಉರಿಯಿತು. "ಆ ವರ್ಷ ರಂಜಾನ್ ಡಿಸೆಂಬರಿನ ಬೇಸಿಗೇಲಿ ಬಿದ್ದಿತ್ತು. ಸೂರ್ಯ ಮುಳುಗೋಕೆ ಎಂಟೂವರೆ! ಆಗ ಒಣ ಬ್ರೆಡ್ ಕೊಟ್ಟಿದ್ರೂ ವಾಹ್ ಅಂತಿದ್ರಿ. ಈಗ ಸೆಪ್ಟೆಂಬರು, ಆರಕ್ಕೆಲ್ಲ ತಟ್ಟೆ ಮುಂದೆ ಕೂತಿರ್ತೀರಿ. ಸಮೋಸ ಅದೇ ಕಣ್ರೀ, ನಿಮ್ಮ ಹಸಿವು ಕಳೆದು ಲೆಕ್ಕ ಹಾಕಿ!"

ಸಮೋಸ ಬಾಯಲ್ಲೇ ನಿಂತಿತು. "ಅವನೂ ಇದನ್ನೇ ಅಲ್ವಾ ಹೇಳಿದ್ದು," ಎನ್ನುತ್ತ ಫೋನ್ ಎತ್ತಿಕೊಂಡರು.

ಮರುದಿನ ಶ್ರೀಧರ ಬಂದ. ಒಂದಾದ ಮೇಲೊಂದು ಸಮೋಸ ಮುಗಿಸಿ, "ಅಕ್ಕಾ, ಇಷ್ಟು ವರ್ಷದಲ್ಲಿ ಇದೇ ಬೆಸ್ಟು!" ಅಂದ. ನಾನು ಗೆದ್ದವಳ ಹಾಗೆ ನಮ್ಮವರ ಮುಖ ನೋಡಿದೆ.

ಅವರು ಮೆಲ್ಲಗೆ ಕೇಳಿದರು: "ನಿನ್ನ ಹೆಂಡತಿ ಮೈಸೂರಿಗೆ ಹೋದ್ಮೇಲೆ ಊಟಕ್ಕೇನಪ್ಪಾ ಮಾಡ್ಕೊಂಡಿದ್ದೀಯ?"

"ಬ್ರೆಡ್ಡು, ಜಾಮು."

"ಲೆಕ್ಕದಿಂದ ಕಳಿ ಅದನ್ನ!"

ಸೋಫಾ ಅಲುಗುವಂತೆ ಇಬ್ಬರೂ ನಕ್ಕರು. ಮೂಲೆ ತುಂಬಿತ್ತು, ಅಲ್ಹಮ್ದುಲಿಲ್ಲಾ. ಅಂದಿನಿಂದ ಯಾರಾದರೂ ನನ್ನ ಅಡುಗೆ ಹೊಗಳಿದರೆ, ಮಧ್ಯಾಹ್ನ ಏನು ತಿಂದಿದ್ದರೆಂದು ವಿಚಾರಿಸಲು ನಾನು ಹೋಗುವುದಿಲ್ಲ.